ಬೀಪಿನಿಂದ ಮೊದಲ ಗುಂಡಿಗೆ

"ತಯಾರಾ?" ಎಂದು ಬೆನ್ನ ಹಿಂದಿನಿಂದ ಓರಿನ್ ಕೇಳಿದ.

ಮಾರ್ಲಿಸ್ ತಲೆಯಾಡಿಸಿದಳು.

"ಸರಿ, ಕಾಯಿ."

ಕಾಯುವ ಆ ಕ್ಷಣದಲ್ಲಿ ಎರಡು ಕೈಗಳನ್ನೂ ಸುಮ್ಮನೆ ಇಳಿಬಿಟ್ಟುಕೊಂಡು ನಿಂತಿರಬೇಕು. ಎದುರಿಗೆ ಮಣ್ಣಿನ ದಿಬ್ಬ, ಅದರ ಮುಂದೆ ಮೂರು ರಟ್ಟಿನ ಗುರಿಗಳು. ಓರಿನ್ ಕೈಯಲ್ಲಿದ್ದ ಟೈಮರ್ ಕಿರ್ರೆಂದು ಬೀಪ್ ಹೊಡೆಯಿತು. ಮಾರ್ಲಿಸಳ ಕೈ ಸೊಂಟಕ್ಕೆ ಹಾರಿ, ಪಿಸ್ತೂಲಿನ ಹಿಡಿಕೆಯ ಜೊತೆಗೆ ಅಂಗಿಯ ಅಂಚನ್ನೂ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಪಿಸ್ತೂಲು ಒರೆಯಿಂದ ಹೊರಬಂದು ಕಣ್ಣಿನ ಮಟ್ಟಕ್ಕೆ ಏರಿತು. ಗುರಿಗೆ ಎರಡರಂತೆ ಆರು ಗುಂಡು ಹಾರಿಸಿ, ಖಾಲಿ ಮಾಡಿ ತೋರಿಸಿ, ಪಿಸ್ತೂಲನ್ನು ಒರೆಗೆ ಸೇರಿಸಿ ಅವಳು ಹಿಂದಿರುಗಿ ನೋಡಿದಳು. ಒಟ್ಟು ಸಮಯವನ್ನು ಕೂಗಿ ಹೇಳಿದ ಮೇಲೆ ಓರಿನ್ ಟೈಮರನ್ನು ಅವಳ ಕಡೆಗೆ ತಿರುಗಿಸಿದ. ಅಲ್ಲಿ ಮೊದಲ ಗುಂಡಿನ ಸಮಯವೂ ಇತ್ತು. ಬೀಪಿನಿಂದ ಮೊದಲ ಗುಂಡಿಗೆ ಮೂರು ಸೆಕೆಂಡಿನ ಮೇಲೊಂದಿಷ್ಟು.

ಹಿಂದೆ ನಿಂತಿದ್ದ, ಶೂಟಿಂಗ್ ಕ್ಲಬ್ಬಿನ ಪಂದ್ಯಕ್ಕೆ ಬಂದಿದ್ದ ಏಳೆಂಟು ಜನ ಅಂಟುಪಟ್ಟಿಯ ಸುರುಳಿ ಹಿಡಿದು ರಟ್ಟಿನ ತೂತುಗಳನ್ನು ಮುಚ್ಚಲು ಹೊರಟರು. ಹೊಡೆದವರನ್ನು ಬಿಟ್ಟು ಉಳಿದವರೆಲ್ಲ ಹೋಗಿ ಅಂಟಿಸುವುದು ಅಲ್ಲಿಯ ರೀತಿ. ಅವಳ ತಂಗಿಯ ಗಂಡ ಲೈಲ್ ಮಾತ್ರ ಹೋಗುವ ಮುನ್ನ ಒಂದು ಗಳಿಗೆ ನಿಂತು ಅವಳ ಮುಖ ನೋಡಿದ.

"ನೀನು ಒಂದು ಪಾಯಿಂಟ್ ಎರಡು ಅಂದಿದ್ದೆ ಅಲ್ವಾ?" ಎಂದ. ದನಿಯಲ್ಲಿ ನಗು ಇರಲಿಲ್ಲ. ನಗು ಇದ್ದಿದ್ದರೇ ವಾಸಿ ಎನ್ನಿಸಿತು ಅವಳಿಗೆ.

ಐವತ್ತೇಳು ವರ್ಷದ ಮಾರ್ಲಿಸ್ ಟ್ವೆಟ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಹುಟ್ಟಿದಾಗಿನಿಂದ ನಾರ್ತ್ ಡಕೋಟಾದ ಆ ಬಯಲು ಬಿಟ್ಟು ಹೋದವಳಲ್ಲ. ಆ ಕಡೆಯ ಜನ ಯಾರನ್ನೂ ಹೊಗಳುವುದಿಲ್ಲ. ಮಗಳ ಮದುವೆಯಾಗಲಿ, ಬಂಪರ್ ಬೆಳೆಯಾಗಲಿ, 'ಪರವಾಗಿಲ್ಲ' ಎಂದರೆ ಅದೇ ಬಿರುದು. ತನ್ನನ್ನು ತಾನೇ ಹೊಗಳಿಕೊಳ್ಳುವುದಂತೂ ಕದಿಯುವುದಕ್ಕಿಂತ ಕೀಳು. ಇಷ್ಟು ವರ್ಷ ಆ ನಿಯಮ ಮುರಿಯದವಳು ಕಳೆದ ಚಳಿಗಾಲದಲ್ಲಿ ಮುರಿದಿದ್ದಳು. ಪಿಸ್ತೂಲು ಕೊಂಡು, ಬುಧವಾರ ಬುಧವಾರ ಫಾರ್ಗೋ ಪೇಟೆಯ ಒಳಾಂಗಣ ಶೂಟಿಂಗ್ ಕೇಂದ್ರಕ್ಕೆ ಕಾರೋಡಿಸಿಕೊಂಡು ಹೋಗಿ, ಮೊಬೈಲಿನಲ್ಲಿ ಇಂಥದ್ದೇ ಬೀಪ್ ಟೈಮರ್ ಹಾಕಿ ಅದನ್ನು ಮುಂದಿನ ಕಟ್ಟೆಯ ಮೇಲಿಟ್ಟು ಒರೆಯಿಂದ ಎಳೆದು ಹೊಡೆಯುವ ಅಭ್ಯಾಸ ಮಾಡಿದ್ದಳು. ಒಂದು ದಿನ ಅದು ಒಂದು ಪಾಯಿಂಟ್ ಎರಡು ತೋರಿಸಿತು. ಚರ್ಚಿನ ಕಾಫಿ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಇಪ್ಪತ್ತು ವರ್ಷದಿಂದ ಕ್ಲಬ್ಬಿನಲ್ಲಿ ಹೊಡೆಯುತ್ತಿರುವ ಲೈಲನ ಕೈಯೇ ಅಷ್ಟು ಚುರುಕಿಲ್ಲ. ಅವನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತ್ತು.

ಅಷ್ಟೇ ಆಗಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಆಗಸ್ಟಿನಲ್ಲಿ ಬಿಸ್ಮಾರ್ಕಿನಲ್ಲಿ ರಾಜ್ಯಮಟ್ಟದ ಪಂದ್ಯ, ಕ್ಲಬ್ಬಿನಿಂದ ನಾಲ್ವರ ತಂಡ. ನಾಲ್ಕನೆಯವನು ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ. ಆ ಜಾಗಕ್ಕೆ ತಾನು ಬರಲೇ ಎಂದು ಮಾರ್ಲಿಸ್ ಕೇಳಿದಳು. ತಂಡ ಕಟ್ಟುವ ಓರಿನ್ ಹೂಂ ಎಂದ. ಗಂಡ ಬದುಕಿದ್ದಾಗಲೂ, ತೀರಿಕೊಂಡ ಮೇಲೂ, ತನಗಾಗಿ ಅವಳು ಕೇಳಿ ಪಡೆದದ್ದೆಂದರೆ ಆ ನಾಲ್ಕನೆಯ ಜಾಗ ಒಂದೇ. ಈಗ ಅದೂ ಹೋಗುವಂತಿತ್ತು, ಜೊತೆಗೆ ಸುಳ್ಳುಗಾತಿ ಎನ್ನಿಸಿಕೊಳ್ಳುವುದೂ ಇತ್ತು. ಅವಳಿಗೆ ಎರಡನೆಯದೇ ಹೆಚ್ಚು ಉರಿಯುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಲೈಲನ ಸರದಿ ಬಂತು. ಪಕ್ಕದ ದಿಬ್ಬದ ಆಚೆ ಇನ್ನೊಂದು ಗುಂಪು ಹೊಡೆಯುತ್ತಿತ್ತು. ಬೀಪ್ ಆದದ್ದೇ ತಡ, ಲೈಲನ ಕೈ ಹಿಡಿಕೆಯನ್ನು ಮುಟ್ಟುವ ಮೊದಲೇ ಆಚೆಯಿಂದ ಢಂ ಎಂದಿತು. ಲೈಲ್ ತನ್ನ ಪಾಡಿಗೆ ತಾನು ಆರು ಗುಂಡು ಮುಗಿಸಿದ. ಅವನು ಮುಗಿಸಿದ ಮೇಲೆ ಆಚೆಯಿಂದ ಮತ್ತೊಂದು ಢಂ.

ಓರಿನ್ ಟೈಮರ್ ನೋಡಿ ತಲೆ ಕೆರೆದುಕೊಂಡ. "ಆರು ಹೊಡ್ದಿದೀಯ, ಇದು ಎಂಟು ಎಣ್ಸಿದೆ. ಮುಂದೊಂದು, ಹಿಂದೊಂದು ಪಕ್ಕದವರದ್ದು. ಇದಕ್ಕೆ ಕಿವಿ ಇದೆ, ಕಣ್ಣಿಲ್ಲ. ಮತ್ತೆ ಹೊಡಿಯಪ್ಪ."

"ಮೊದಲ್ನೇದು ಎಷ್ಟಂತೆ?" ಎಂದು ಯಾರೋ ಕೇಳಿದರು.

"ಅರ್ಧ ಸೆಕೆಂಡಿಗಿಂತ ಕಡ್ಮೆ. ನಮ್ ಲೈಲು ಮಿಂಚು ಕಣ್ರಪ್ಪಾ."

ಎಲ್ಲರೂ ನಕ್ಕರು. ಮಾರ್ಲಿಸ್ ನಗಲಿಲ್ಲ. ಅವಳು ಓರಿನ್ ಕೈಯ ಟೈಮರನ್ನೇ ನೋಡುತ್ತಿದ್ದಳು. ಫಾರ್ಗೋದಲ್ಲಿ ಅವಳ ಪಕ್ಕದ ಅಂಕಣಕ್ಕೆ ಬರುತ್ತಿದ್ದ ದಪ್ಪ ಮೀಸೆಯವನ ಪಿಸ್ತೂಲು ಗೋಡೆಯೇ ನಡುಗುವಷ್ಟು ಸದ್ದು ಮಾಡುತ್ತಿತ್ತು. ಮೊಬೈಲು ಇದ್ದದ್ದು ಅವನ ಕಡೆಯ ಮೂಲೆಯಲ್ಲಿ. ಹತ್ತು ಸಲ ಎಳೆದರೆ ಎಂಟು ಸಲ ಅದು ಮೂರರ ಹತ್ತಿರ ತೋರಿಸುತ್ತಿತ್ತು. ಕೈ ಕೂಡಿಬರಲಿಲ್ಲ ಎಂದು ಅವನ್ನು ಬಿಟ್ಟುಬಿಡುತ್ತಿದ್ದಳು. ಒಂದೆರಡು ಸಲ ಬಂದ ಚಂದದ ಸಂಖ್ಯೆಯನ್ನು ಮನೆಗೆ ತರುತ್ತಿದ್ದಳು. ಆರು ಹೊಡೆದರೆ ಏಳು ಎಂದು ತೋರಿಸಿದ್ದೂ ಉಂಟು. ಗೋಡೆಯ ಪ್ರತಿಧ್ವನಿ ಇರಬೇಕೆಂದುಕೊಂಡಿದ್ದಳು.

ಅದು ಅವಳ ಗುಂಡೇ ಅಲ್ಲ. ಒಂದು ಚಳಿಗಾಲ ಪೂರ್ತಿ ಅವಳು ಹೆಮ್ಮೆಪಟ್ಟದ್ದು ಮೀಸೆಯವನ ಗುಂಡಿನ ಬಗ್ಗೆ.

ಸುಮ್ಮನಿದ್ದುಬಿಡಬಹುದಿತ್ತು. ಮೊದಲ ಪಂದ್ಯ, ಕೈ ನಡುಗಿತು ಎಂದರೆ ಯಾರೂ ಎದುರಾಡುತ್ತಿರಲಿಲ್ಲ; ಹೊಸಬರೆಲ್ಲರ ಕೈಯೂ ನಡುಗುತ್ತದೆ. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಲೈಲ್ ಎರಡನೇ ಸಲ ಹೊಡೆದು ಬಂದು ಪಕ್ಕದಲ್ಲಿ ನಿಂತಾಗ ಅವಳ ಬಾಯಿಂದ ಬಂದದ್ದು ಬೇರೆ.

"ಲೈಲ್, ನನ್ನದೂ ಹಿಂಗೇ ಆಗಿದ್ದು."

"ಏನು ಹಿಂಗೇ?"

"ಒಂದು ಪಾಯಿಂಟ್ ಎರಡು. ಅದು ಪಕ್ಕದವನ ಗುಂಡು. ನನ್ನ ಫೋನು ಅವನದ್ದು ಕೇಳಿಸ್ಕೊಂಡಿದೆ. ನಾನು ಸುಳ್ಳು ಹೇಳ್ಲಿಲ್ಲ ಕಣೋ, ಆದ್ರೆ ಹೇಳಿದ್ದು ಸುಳ್ಳೇ ಆಯ್ತು." ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು. ಕೊಚ್ಚಿಕೊಂಡದ್ದು ಹತ್ತು ಜನರೆದುರು ತಾನೇ. "ಓರಿನ್, ತಂಡದಿಂದ ನನ್ನ ಹೆಸರು ತೆಗ್ದುಬಿಡಿ. ಮೂರು ಸೆಕೆಂಡಿನವಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?"

ಲೈಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಏನು ಹೇಳಬೇಕೆಂದು ತಿಳಿಯದಾಗ ಅವನು ಮಾಡುವುದು ಅದನ್ನೇ.

"ಹೆಸರು ಸೇರ್ಸಿದ್ದು ನಾನು, ತೆಗಿಯೋದೂ ನನಗೇ ಬಿಡು," ಎಂದ ಓರಿನ್. ಎಪ್ಪತ್ತು ದಾಟಿದ ಮನುಷ್ಯ; ನಲವತ್ತು ವರ್ಷ ಧಾನ್ಯದ ಗೋದಾಮು ನೋಡಿಕೊಂಡವನು. "ಊಟ ಮುಗಿಸ್ಕೊಂಡು ಆ ಕೊನೇ ದಿಬ್ಬದ ಹತ್ರ ಬಾ. ಅಲ್ಲಿ ಅಕ್ಕಪಕ್ಕ ಯಾರೂ ಹೊಡಿಯಲ್ಲ."

ಮಾರ್ಲಿಸ್ ತಾನೇ ಮಾಡಿ ತಂದಿದ್ದ ಮಾಂಸ, ಆಲೂಗೆಡ್ಡೆಯ ತಟ್ಟೆಯನ್ನು ಉಳಿದವರು ಖಾಲಿ ಮಾಡಿದರು. ಅವಳು ತಿನ್ನದೆಯೇ ಎದ್ದು ನಡೆದಳು. ಕೊನೆಯ ದಿಬ್ಬದ ಬಳಿ ಓರಿನ್ ಒಂದೇ ಒಂದು ಗುರಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಬೀಪ್ ಆದ್ಮೇಲೆ ಎಳಿ, ಒಂದೇ ಗುಂಡು ಹೊಡಿ. ಎಷ್ಟಾಯ್ತು ಅಂತ ನಾನು ಹೇಳಲ್ಲ. ಮೊದ್ಲು ನೀನು ಹೇಳ್ಬೇಕು."

"ನನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಕ್ಕೇ ಕೇಳೋದು."

ಬೀಪ್. ಮಾರ್ಲಿಸ್ ಪ್ರಾಣವೇ ಹೋಗುತ್ತದೇನೋ ಎಂಬಂತೆ ಎಳೆದಳು. ಗುಂಡು ಹಾರಿದ್ದೇ ತಿಳಿಯಲಿಲ್ಲ. "ಎರಡು," ಎಂದಳು. "ಎರಡಕ್ಕಿಂತ ಕಡಿಮೆಯೂ ಇರಬಹುದು."

"ಮೂರು ಪಾಯಿಂಟ್ ಒಂದು. ಗುರಿಗೂ ತಾಗ್ಲಿಲ್ಲ."

ಇನ್ನೊಮ್ಮೆ. ಇನ್ನೂ ಅವಸರ ಮಾಡಿದಳು, ಸಮಯ ಇನ್ನಷ್ಟು ಹೆಚ್ಚಾಯಿತು. ನಾಲ್ಕೈದು ಸಲ ಹೀಗೇ ಆದ ಮೇಲೆ ಅವಳಿಗೆ ಅಳು ಬರುವಂತಾಯಿತು. ಬೇಗ ಆಗುವುದಂತೂ ಹಣೆಯಲ್ಲಿ ಬರೆದಿಲ್ಲ, ಗುರಿಗಾದರೂ ತಾಗಲಿ ಎಂದುಕೊಂಡು ಆಸೆ ಬಿಟ್ಟಳು. ಬೀಪ್ ಆಯಿತು. ಕೈ ಇಳಿದು ಹಿಡಿಕೆಯನ್ನು ಒಮ್ಮೆಗೇ ತುಂಬಿಕೊಂಡಿತು. ಪಿಸ್ತೂಲು ಎದೆಯ ಮುಂದೆ ಬಂದಾಗ ಎಡಗೈ ಅದನ್ನು ಸೇರಿತು. ಗುರಿ ಹಿಡಿಯಲೆಂದು ಮೂತಿಯ ಮೇಲಿರುವ ಸಣ್ಣ ಕೆಂಪು ಚುಕ್ಕಿ ರಟ್ಟಿನ ನಡುವೆ ನಿಂತದ್ದು ಸ್ಪಷ್ಟವಾಗಿ ಕಂಡಿತು. ಆಮೇಲೆ ಟ್ರಿಗರ್ ಒತ್ತಿದಳು.

"ಎಷ್ಟು?"

"ನಾಲ್ಕು. ತುಂಬಾ ನಿಧಾನ ಮಾಡ್ಬಿಟ್ಟೆ."

"ಎರಡು ಪಾಯಿಂಟ್ ಎರಡು."

"ಸುಮ್ನಿರಿ ಓರಿನ್. ಸಮಾಧಾನ ಮಾಡೋಕೆ ಹೇಳ್ಬೇಡಿ."

ಅವನು ಟೈಮರನ್ನು ಅವಳ ಮೂಗಿನ ಹತ್ತಿರವೇ ಹಿಡಿದ. "ಸುತ್ತ ನೋಡು, ಹೊಡ್ದೋರು ಬೇರೆ ಯಾರಾದ್ರೂ ಇದಾರಾ? ಇದು ನಿಂದೇ."

ಅವಳು ನಿಜಕ್ಕೂ ಸುತ್ತ ನೋಡಿದಳು. ಜೋಳದ ಹೊಲ ಬಿಟ್ಟರೆ ಏನೂ ಇರಲಿಲ್ಲ.

"ಅವಸರ ಮಾಡ್ದಾಗ ನಿನ್ನ ಕೈ ಎರಡು ಸಲ ಹಿಡಿಯುತ್ತೆ," ಎಂದ ಓರಿನ್. "ಆಮೇಲೆ ಕಣ್ಣು ಗುರಿ ಹುಡ್ಕುತ್ತೆ. ಅಷ್ಟೆಲ್ಲ ಗಡಿಬಿಡಿ ಇರೋದ್ರಿಂದ ಬೇಗ ಆಯ್ತು ಅನ್ಸುತ್ತೆ. ಈಗ ಒಂದೇ ಸಲ ಹಿಡೀತು. ಮಾಡೋಕೆ ಏನೂ ಉಳೀಲಿಲ್ಲ, ಅದಕ್ಕೇ ನಿಧಾನ ಅನ್ಸಿದ್ದು. ಇನ್ನೊಂದ್ಸಲ."

ಶಾಲೆಯ ಊಟದ ಸಾಲು ನೆನಪಾಗಿ ಮಾರ್ಲಿಸ್‌ಗೆ ನಗು ಬಂತು. ಅಲ್ಲಿ ಎದ್ದುಬಿದ್ದು ಬಡಿಸುವ ಹೊಸ ಹುಡುಗಿಯರನ್ನು ಅವಳು ಗದರಿಸುವುದೂ ಹೀಗೆಯೇ. ಇನ್ನೊಂದು ಸಲ ಎಳೆದಳು, ಮತ್ತೊಂದು ಸಲ ಎಳೆದಳು. ಪ್ರತಿ ಸಲವೂ ಮೊದಲು ತಾನು ಹೇಳುವುದು, ಆಮೇಲೆ ನೋಡುವುದು. ಮೊದಲು ಒಂದು ಸೆಕೆಂಡಿನಷ್ಟು ತಪ್ಪುತ್ತಿದ್ದವಳು ಬರಬರುತ್ತಾ ಹತ್ತಿರ ಹತ್ತಿರ ಹೇಳತೊಡಗಿದಳು. ಸಮಯ ಎರಡಕ್ಕಿಂತ ಕೆಳಗೆ ಒಮ್ಮೆಯೂ ಇಳಿಯಲಿಲ್ಲ. ಆದರೂ ಅವಳಿಗೆ ಆಗುತ್ತಿದ್ದ ಸಂತೋಷ ಚರ್ಚಿನಲ್ಲಿ ಕೊಚ್ಚಿಕೊಂಡ ದಿನವೂ ಆಗಿರಲಿಲ್ಲ.

ಕೊನೆಯ ಸುತ್ತು ಶುರುವಾದಾಗ ಬಿಸಿಲು ಇಳಿಯುತ್ತಿತ್ತು. ಮಾರ್ಲಿಸ್ ನಿಂತಳು. ಬೀಪ್. ಕೈ ಒಂದೇ ಸಲ ಹಿಡಿಯಿತು. ಹೊಡೆದು ಮುಗಿಸಿ, ಪಿಸ್ತೂಲನ್ನು ಒರೆಗೆ ಸೇರಿಸಿ, ಓರಿನ್ ಬಾಯಿ ತೆರೆಯುವ ಮೊದಲೇ ತಗ್ಗಿದ ದನಿಯಲ್ಲಿ, "ಮೊದಲ್ನೇದು ಎರಡು ಪಾಯಿಂಟ್ ಮೂರು," ಎಂದಳು. ಓರಿನ್ ನೋಡಿದ, ಹುಬ್ಬು ಏರಿಸಿದ. ಒಟ್ಟು ಸಮಯವನ್ನಷ್ಟೇ ಕೂಗಿ ಹೇಳಿದ. ತೂತು ಮುಚ್ಚಲು ಹೋದ ಲೈಲ್ ಗುರಿಗಳ ಮುಂದೆ ಬಗ್ಗಿ ನೋಡಿದ. ಒಂದನ್ನು ಬಿಟ್ಟು ಉಳಿದ ಗುಂಡುಗಳೆಲ್ಲ ನಡುಮಧ್ಯದಲ್ಲೇ ಇದ್ದವು.

"ಪರವಾಗಿಲ್ಲ," ಎಂದ, ರಟ್ಟಿಗೆ ಹೇಳಿದಂತೆ.

ಅವನ ಸರದಿ ಕೊನೆಗೆ ಬಂತು. ಎಂದಿನಂತೆ ಚುರುಕಾಗಿ, ಮಾತಿಲ್ಲದೆ ಹೊಡೆದ. ಆದರೆ ಟೈಮರ್ ಕಡೆ ತಿರುಗಲಿಲ್ಲ. ಓರಿನ್ ಕಡೆಗೆ ಕೈ ಅಡ್ಡ ಹಿಡಿದು, ನೇರ ಮಾರ್ಲಿಸಳ ಹತ್ತಿರ ಬಂದ.

"ತಾಳಿ ಓರಿನ್, ಹೇಳ್ಬೇಡಿ. ಮಾರ್ಲಿಸ್, ನನ್ನ ಮೊದಲ್ನೇದು ಎಷ್ಟು?"

"ನನ್ನನ್ನ ಕೇಳ್ತೀಯಲ್ಲೋ?"

"ನಿನ್ನನ್ನೇ ಕೇಳ್ತಿರೋದು."

ಅವನು ಗೇಲಿ ಮಾಡುತ್ತಿರಲಿಲ್ಲ. ಸುತ್ತಲಿನವರೂ ನಕ್ಕಿರಲಿಲ್ಲ, ಅವಳ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಪಾಯಿಂಟ್ ನಾಲ್ಕು ಎಂದರೆ ಅವನಿಗೆ ಖುಷಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಿವಿಯಲ್ಲಿ ಉಳಿದಿದ್ದ ಬೀಪಿನಿಂದ ಗುಂಡಿನವರೆಗಿನ ಅಂತರವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಂಡಳು.

"ಒಂದು ಪಾಯಿಂಟ್ ಎಂಟು," ಎಂದಳು. "ಹಿಡಿಕೆ ಸರಿಯಾಗಿ ಸಿಗ್ಲಿಲ್ಲ ನಿನಗೆ."

ಓರಿನ್ ಟೈಮರನ್ನು ಲೈಲನ ಕಡೆಗೆ ತಿರುಗಿಸಿದ. ಲೈಲ್ ಕನ್ನಡಕ ಮೇಲೆತ್ತಿ ನೋಡಿದ, ಕೆಳಗಿಳಿಸಿ ನೋಡಿದ. ಒಂದು ಪಾಯಿಂಟ್ ಎಂಟೇ. ಟೋಪಿ ತೆಗೆದು ಹಾಕಿಕೊಂಡ.

"ಬಿಸ್ಮಾರ್ಕಿಗೆ ನನ್ನ ಗಾಡೀಲಿ ಹೋಗೋಣ, ನಾಲ್ಕು ಜನಾನೂ," ಎಂದ. "ಬೆಳಿಗ್ಗೆ ಐದಕ್ಕೇ ಹೊರಡ್ಬೇಕು. ನೀನು ಮುಂದಿನ ಸೀಟಲ್ಲಿ ಕೂತ್ಕೋ, ದಾರೀಲಿ ಮಾತಾಡೋದಿದೆ."

ಮಾರ್ಲಿಸ್ ತಲೆಯಾಡಿಸಿದಳು. ಓರಿನ್ ಏನೂ ಕೇಳಿಸದವನಂತೆ ಟೈಮರ್ ಒರೆಸುತ್ತಿದ್ದ.

ಪಕ್ಕದ ದಿಬ್ಬದ ಆಚೆಯ ಗುಂಪು ಇನ್ನೂ ಮುಗಿಸಿರಲಿಲ್ಲ. ಅಲ್ಲಿ ಯಾರಿಗೋ ಕಾಯಲು ಹೇಳಿದ್ದು ಕೇಳಿಸಿತು. ಲೈಲ್ ಕಣ್ಣು ಮುಚ್ಚಿಕೊಂಡ. ಅವನನ್ನು ನೋಡಿ ಮಾರ್ಲಿಸಳೂ ಮುಚ್ಚಿಕೊಂಡಳು. ಇಬ್ಬರೂ ಅಕ್ಕಪಕ್ಕದಲ್ಲಿ, ತಲೆ ತುಸು ವಾಲಿಸಿ, ಕಾಣದ ಆ ಮನುಷ್ಯನ ಬೀಪಿಗೂ ಮೊದಲ ಗುಂಡಿಗೂ ಕಿವಿಗೊಟ್ಟು ಕಾಯುತ್ತ ನಿಂತರು.