ಮಾವನ ಕೈಯಳತೆ

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದ್ದ ಅಳಿಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಏರ್‌ಬ್ಯಾಗ್ ತಾನಾಗಿ ಸಿಡಿಯದಿರಲೆಂದು ಬ್ಯಾಟರಿ ತಂತಿ ಕಳಚಿ, ಹತ್ತು ನಿಮಿಷ ಸುಮ್ಮನೆ ಕಾದು, ಒಂದೇ ಕಾರಿನ ಗ್ಲೋವ್ ಬಾಕ್ಸನ್ನು ವಾರದಲ್ಲಿ ಎರಡನೇ ಸಲ ಬಿಚ್ಚುವುದೆಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ಕಾರಿನ ಒಡತಿ ನರ್ಸಮ್ಮ ಡ್ಯೂಟಿಗೆ ಹೊತ್ತಾಯಿತೆಂದು ಶೆಡ್ಡಿನ ಬಾಗಿಲಲ್ಲೇ ಚಡಪಡಿಸುತ್ತಿದ್ದರು. ಒಳಗಿನ ಕಟಕಟ ಸದ್ದು ನಿಂತೇ ಇಲ್ಲವೆಂದು ಅವರ ದೂರು.

ಕಟಕಟ ಸಿಕ್ಕಿತು. ಏರ್‌ಬ್ಯಾಗನ್ನು ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಒಂದು ಬೆರಳಲ್ಲೇ ತಿರುಗುತ್ತಿತ್ತು. ಅದರ ತಲೆಯ ಮೇಲೆ ಹಳದಿ ಗೀಟು ಬೇರೆ! ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ ಬಿಗಿದು, ಅಳತೆ ಸರಿಯಾಗಿ ಅದು ‘ಟಕ್’ ಅಂದಮೇಲಷ್ಟೇ ಎಳೆಯಬೇಕಾದ ಗೀಟು. ಆ ನಿಯಮ ತಂದವನು ಅಳಿಯ, ಗೀಟು ಎಳೆದವರು ಮಾವ.

ಹೆಣ್ಣು ಕೊಟ್ಟ ಮಾವ, ಕೆಲಸ ಕಲಿಸಿದ ಮೇಸ್ತ್ರಿ, ಶೆಡ್ಡಿನ ಯಜಮಾನ, ಮೂರೂ ಒಬ್ಬರೇ ಆದರೆ ಬಾಯಿಗೆ ಬೀಗ ಬೀಳದೆ ಇನ್ನೇನು? ಆದರೂ ಇವತ್ತು ಅಳಿಯನಿಗೆ ತಡೆಯಲಾಗಲಿಲ್ಲ.

"ಮಾವ, ಇದಕ್ಕೆ ವ್ರೆಂಚ್ ಹಾಕಿದ್ರಾ?"

"ನನ್ನ ಕೈ ಇಲ್ವಾ? ನಿಂಗೆ ಗೀಟು ಬೇಕಿತ್ತು, ಎಳೆದಿದೀನಿ."

"ಗೀಟೇನು ಅಲಂಕಾರಕ್ಕಾ? ಇದು ಸಡಿಲ ಇದ್ರೆ ಗುದ್ದಿದಾಗ ಬ್ಯಾಗು ಸೊಟ್ಟಗೆ ಏಳುತ್ತೆ, ಪಕ್ಕದಲ್ಲಿ ಕೂತೋರ ಮುಖ ಉಳಿಯಲ್ಲ!"

"ನೀನು ಹುಟ್ಟೋ ಮುಂಚಿಂದ ಬೋಲ್ಟ್ ಬಿಗೀತಿದೀನಿ. ಅಳಿಯಂದ್ರು ಈಗ ನಂಗೆ ಪಾಠ ಹೇಳ್ತಾರೆ, ಕೇಳ್ರಮ್ಮ!"

ನರ್ಸಮ್ಮ ನಗಲಿಲ್ಲ. "ಪಕ್ಕದ ಸೀಟಲ್ಲಿ ದಿನಾ ನಮ್ಮಮ್ಮ ಕೂರ್ತಾರೆ" ಎಂದರು.

ಮಾವನ ಮುಖ ಕಪ್ಪಿಟ್ಟಿತು. ಅಳಿಯ ಎದ್ದು, ಅಳತೆ ತೋರಿಸದ ಸಾದಾ ಪಾನಾ ಅವರ ಕೈಗಿಟ್ಟ. "ಬಿಗೀರಿ, ನೋಡೇಬಿಡೋಣ."

ಮಾವ ಮಂಡಿಯೂರಿ, ಮೊದಲ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದರು. ಅಳಿಯ ವ್ರೆಂಚ್ ಹಾಕಿದ. ಅದು ಕಾಲು ಸುತ್ತು ಸಲೀಸಾಗಿ ಹೋದಮೇಲೆ ‘ಟಕ್’ ಎಂದಿತು. ಎರಡನೆಯದೂ ಅಷ್ಟೇ. ಮೂರನೆಯದು ಅರ್ಧ ಸುತ್ತು.

"ಆ ವ್ರೆಂಚೇ ಕೆಟ್ಟಿದೆ."

ಅಳಿಯ ಮೊದಲನೆಯದಕ್ಕೆ ಮತ್ತೆ ಹಾಕಿ ತೋರಿಸಿದ. ಈ ಸಲ ಬೋಲ್ಟು ಅಲುಗಲಿಲ್ಲ, ವ್ರೆಂಚ್ ಕೂಡಲೇ ‘ಟಕ್’ ಎಂದಿತು.

ನಾಲ್ಕನೆಯದಕ್ಕೆ ಮಾವ ಪಾನಾ ಹಾಕಲು ಹೋದರು. ಅದು ಕೈಜಾರಿ ಕೆಳಗೆ ಬಿತ್ತು. ಹೆಕ್ಕಿಕೊಳ್ಳದೆ ತಮ್ಮ ಬೆರಳುಗಳನ್ನೇ ಉಜ್ಜಿಕೊಳ್ಳುತ್ತಾ ಕೂತರು. "ವರ್ಷ ಆಯ್ತು, ಜೋಮು ಹಿಡಿಯುತ್ತೆ. ಬಿಗಿ ಆಯ್ತೋ ಇಲ್ವೋ ಗೊತ್ತೇ ಆಗಲ್ಲ."

ಮಾವನನ್ನು ಒಂದೇ ಒಂದು ಸಲ ಮಾತಲ್ಲಿ ಸೋಲಿಸಬೇಕೆಂದು ಅಳಿಯ ಎಷ್ಟು ಕಾಲದಿಂದ ಹಲ್ಲು ಮಸೆಯುತ್ತಿದ್ದನೋ! ಈಗ ಗೆದ್ದರೂ ಒಂದು ಚೂರೂ ಹಿತವಾಗಲಿಲ್ಲ. ಸಿಟ್ಟು ಇನ್ನಷ್ಟು ಏರಿತು. "ಒಂದು ಮಾತು ಹೇಳ್ಬಾರ್ದಿತ್ತಾ ಮಾವ? ನಾನೇನು ಸತ್ತೋಗಿದ್ನಾ?"

ಅಳಿಯ ನಾಲ್ಕನೆಯದನ್ನೂ ಬಿಗಿದು, ಹಳೆಯ ಗೀಟುಗಳನ್ನು ಒರೆಸಿ ಹೊಸದಾಗಿ ಎಳೆದು ಮುಗಿಸಿದ. ನರ್ಸಮ್ಮ ಪ್ರತಿಯೊಂದು ‘ಟಕ್’ ಸದ್ದನ್ನೂ ತಾವೇ ಕಿವಿಯಾರೆ ಕೇಳಿಕೊಂಡು ಹೊರಟರು.

ಅಷ್ಟರಲ್ಲಿ ಮಾವ ಗಾಡಿಗಳ ರಿಜಿಸ್ಟರ್ ತೆಗೆದು, ಹಳೇ ಟೈರಿನ ಮೇಲೆ ಕೂತು, ಹಾಳೆಗಳನ್ನು ಒಂದು ವರ್ಷ ಹಿಂದಕ್ಕೆ ತಿರುವಿದ್ದರು. ಮೊದಲ ನಂಬರಿಗೆ ಫೋನ್ ಹಚ್ಚಿದರು.

"ಶೆಡ್ಡಿಂದ ಮೇಸ್ತ್ರಿ ಮಾತಾಡೋದು. ನಿಮ್ಮ ಕಾರು ಒಂದ್ಸಲ ತಂದ್ಬಿಡಿ... ಇಲ್ಲ ಇಲ್ಲ, ಕಾರಿಗೇನಾಗಿಲ್ಲ. ನನ್ನ ಕೈ ಸರಿಯಿಲ್ಲ."