ಸತುವಿನ ತೊಟ್ಟಿಯ ಮೇಲೆ ಹೊಸ ಕೊಕ್ಕೆ

ಹಳೆಯ ಕೊಕ್ಕೆಗಳ ಮೇಲೆ ಮೇಸ್ತ್ರಿಗೆ ಮೊದಲಿನಿಂದಲೂ ಸಿಟ್ಟು. ಮೆದು ಕಬ್ಬಿಣ; ಭಾರ ಬಿದ್ದರೆ ಬಾಗುತ್ತಿದ್ದವು. ಹೋದ ವಾರ ತಾವೇ ಕೂತು ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಕಲ್ಲಿನಂಥ ಎರಡು ಕೊಕ್ಕೆ ಮಾಡಿದ್ದರು.

ಅದೇ ಕೊಕ್ಕೆಗಳಲ್ಲಿ ತೂಗುಬಿದ್ದ ಕಬ್ಬಿಣದ ತೊಲೆಯೊಂದು ತುಕ್ಕು ತಡೆಯುವ ಲೇಪ ಹತ್ತಿಸಿಕೊಂಡು ಕರಗಿದ ಸತುವಿನ ತೊಟ್ಟಿಯಿಂದ ಆಗಷ್ಟೇ ಮೇಲೆದ್ದಿತ್ತು. ಕ್ರೇನಿನ ಗುಂಡಿ ಒತ್ತುತ್ತಿದ್ದ, ಕೆಲಸದವರೆಲ್ಲ ಅಕ್ಕ ಎನ್ನುವ ಹೆಂಗಸಿನ ಬೆರಳು ಥಟ್ಟನೆ ನಿಂತಿತು. ಎಡಗಡೆಯ ಕೊಕ್ಕೆಯ ಬಾಗಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆ. ನೋಡುತ್ತಿದ್ದಂತೆಯೇ ಅದು ಉದ್ದವಾಯಿತು.

ತೊಟ್ಟಿಯ ಅಂಚಿನಲ್ಲಿ ಮೇಸ್ತ್ರಿಯ ಅಳಿಯ ಬಗ್ಗಿಕೊಂಡು ಸತುವಿನ ಮೇಲೆ ಕಟ್ಟಿದ ಬೂದಿಯಂಥ ಕೆನೆ ಎಳೆಯುತ್ತಿದ್ದ.

"ಹಿಂದೆ ಸರಿ! ಕೊಕ್ಕೆ ಸೀಳ್ತಿದೆ!" ಅಕ್ಕ ಕೂಗಿದಳು.

ಅವನು ಸರಿದ. ಮೇಸ್ತ್ರಿ ನಕ್ಕರು. "ಕನ್ನಡಕ ಒರೆಸ್ಕೊಳಮ್ಮ. ನಾನು ಮಾಡಿದ್ದು ಸೀಳತ್ತಾ? ಈ ಕಡೆ ತಂದು ಇಳಿಸು."

ಈ ಕಡೆ ತರುವುದೆಂದರೆ ಅವರೆಲ್ಲ ನಿಂತಿದ್ದ ಜಾಗದ ಪಕ್ಕಕ್ಕೇ ತರಬೇಕು. ದಾರಿಯಲ್ಲಿ ತೊಲೆ ಕಳಚಿ ತೊಟ್ಟಿಗೆ ಬಿದ್ದರೆ ಸುಡುವ ಸತು ಸೂರಿನೆತ್ತರ ಚಿಮ್ಮುತ್ತದೆ. ಆದರೆ ಸತುವಿನೊಳಗೆ ಮುಳುಗಿದ ಕಬ್ಬಿಣ ಬಲು ಹಗುರ, ಕೊಕ್ಕೆಯ ಭಾರ ಇಳಿಯುತ್ತದೆ. ಅಕ್ಕ ಇಳಿಸುವ ಗುಂಡಿ ಒತ್ತಿದಳು.

"ವಾಪಸ್ ಮುಳುಗಿಸ್ತೀಯಾ? ಮಾಲು ಹಾಳಾಗತ್ತೆ ಕಣೇ!"

"ಮಾಲು ಹಾಳಾಗ್ಲಿ. ನಿಮ್ಮ ಮಗಳಿಗೆ ನಾನು ಮುಖ ತೋರಿಸ್ಬೇಕು."

ಬೆರಳಗಲ ಬೆರಳಗಲವಾಗಿ ತೊಲೆ ಇಳಿಯಿತು. ತೊಲೆಯ ಕೆಳಗಿನರ್ಧ ಮುಳುಗಿತು, ಇನ್ನೊಂದು ಗೇಣು, ಕೊನೆಗೆ ಮೇಲಂಚೂ ಮರೆಯಾಯಿತು. ಆಗ ಕಡ್ಡಿ ಮುರಿದಂಥ ಸದ್ದು. ಎಡಗಡೆಯ ಕೊಕ್ಕೆ ಎರಡು ತುಂಡು! ತೊಲೆಯ ಒಂದು ತುದಿ ಮೆಲ್ಲನೆ ತಳ ಸೇರಿತು. ನಾಲ್ಕು ಹನಿ ಸತು ಅಂಚು ದಾಟಿ, ಅಳಿಯ ಮೊದಲು ಬಗ್ಗಿ ನಿಂತಿದ್ದ ಕಡೆಯೇ ಬಿದ್ದು ಹೊಗೆಯಾಡಿತು.

ತೊಲೆ ಪೂರ್ತಿ ತಳ ಸೇರಿ ಬಲಗಡೆಯ ಕೊಕ್ಕೆ ಕಳಚಿಕೊಳ್ಳುವವರೆಗೂ ಇಳಿಸಿ, ಮುರಿದ ಕೊಕ್ಕೆಯ ಮೇಲುಳಿದ ತುಂಡನ್ನು ಅಕ್ಕ ನೆಲದತ್ತ ತಂದಳು. ಮುರಿದ ಬಾಯಿಯೊಳಗೆ ಸತು ಆಳದವರೆಗೂ ಮಿನುಗುತ್ತಿತ್ತು.

"ಹೇಗೆ ಹೊಕ್ಕಿತು ಒಳಗೆ?" ಮೇಸ್ತ್ರಿ ಕೇಳಿದರು.

"ಗಟ್ಟಿ ಉಕ್ಕು ಭಾರಕ್ಕೆ ಬಿಗಿದು ನಿಂತಾಗ ಕರಗಿದ ಸತು ಅದರೊಳಗೆ ನುಸುಳತ್ತಂತೆ. ಹಳೇ ಕೆಲಸದಲ್ಲಿ ಹಿರಿಯರೊಬ್ಬರು ಹೇಳಿದ್ರು. ಮೆದು ಕಬ್ಬಿಣ ಬಾಗಿ ಎಚ್ಚರಿಸತ್ತೆ. ಗಟ್ಟಿಯದು ಹೇಳದೆ ಕೇಳದೆ ಮುರಿಯತ್ತೆ," ಎಂದಳು ಅಕ್ಕ.

ಮೇಸ್ತ್ರಿ ಆ ತುಂಡಿನತ್ತ ಬರಿಗೈ ಚಾಚಿದರು.

"ಸುಡತ್ತೆ ಮಾವ," ಎಂದು ಅಳಿಯ ಅವರ ಮಣಿಕಟ್ಟು ಹಿಡಿದ. ತನ್ನ ಕೈಗವಸು ಕಳಚಿ, ಮಾವನ ಬೆರಳುಗಳಿಗೆ ಒಂದೊಂದಾಗಿ ತೊಡಿಸಿದ.