ಹೊಸ ಅಕ್ಕಿಯ ಹಾಲು

ಮೊಂತಿ ಹಬ್ಬದ ಬೆಳಿಗ್ಗೆ ಒಲೆಯ ಮುಂದೆ ನಿಲ್ಲುವಾಗಲೇ ಫೆಲ್ಸಿಯ ಕಾಲು ಸೋತಿತ್ತು. ರಾತ್ರಿಯಿಡೀ ಅತ್ತೆಯ ಮಗ್ಗುಲು ಬದಲಿಸಿ, ಕಫ ಒರೆಸಿ, ಬೆಳಗಿನ ಗಂಜಿತಿಳಿಯನ್ನು ಮೂಗಿನ ಪೈಪಿಗೆ ಸಿರಿಂಜಿನಲ್ಲಿ ಬಿಟ್ಟು ಬಂದಿದ್ದಳು. ಇನ್ನು ಅಡುಗೆ. ಏಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ ಮೀನಿಲ್ಲ, ಮಾಂಸವಿಲ್ಲ; ಬಾಳೆಲೆಗೆ ಐದು ಬಗೆ ತರಕಾರಿಯಾದರೂ ಬೇಕು.

ಮೀನು ಮಾರುವ ವನಜ ಹಿಂಬಾಗಿಲಲ್ಲಿ ಕೆಸುವಿನ ದಂಟಿನ ಕಟ್ಟು ಇಳಿಸಿದಳು. "ಹ್ವಾಯ್ ಫೆಲ್ಸಿಯಮ್ಮ, ವರ್ಷಕ್ ಒಂದಿನ ನೀವೂ ಭಟ್ರ್ ಆತ್ರಿ. ಇಡೀ ಕೋಡಿ ಊರಂಗೆ ನನ್ ಮೀನ್ ಬುಟ್ಟಿ ಕೇಂಬವ್ರೇ ಇಲ್ಲ." ಆಮೇಲೆ ದನಿ ತಗ್ಗಿಸಿ, "ಅಮ್ಮ ಬಾಯಂಗೆ ಉಂತ್ರಾ?"

"ಇಲ್ಲ ವನಜ. ಪೈಪೇ."

"ಹಬ್ಬದ್ ದಿನವೂ?"

ಫೆಲ್ಸಿ ದಂಟಿನ ನಾರು ತೆಗೆಯತೊಡಗಿದಳು.

ಗಂಡ ವಲೇರಿಯನ್ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆ ತಂದ. ಅದರ ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸುವುದು. ಮನೆಯ ಹಿರಿಯರು ಅದನ್ನು ಚಮಚ ಚಮಚವಾಗಿ ಎಲ್ಲರ ಬಾಯಿಗೆ ಕೊಟ್ಟ ಮೇಲೆಯೇ ಊಟ. ಮಾವ ಹೋದ ಮೇಲೆ ಆ ಕೆಲಸ ಅತ್ತೆ ಕಾರ್ಮಿಣ್‌ಬಾಯಿಯವರದು. ಈ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈಯೂ ಮಾತೂ ಬಿದ್ದುಹೋಗಿದ್ದವು.

"ಒಂದ್ ಚಮಚ ಬಾಯಿಗೇ ಕೊಡುವ," ಎಂದ ವಲೇರಿಯನ್. "ಹೊಸ ಅಕ್ಕಿ ಇಲ್ದೇ ಅಮ್ಮನ ವರ್ಷ ದಾಟ್ಸುದಾ?"

ಫೆಲ್ಸಿ ಹಾಲನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. "ಮಳೆಗಾಲ್ದಂಗ್ ಕೊಟ್ಟ್ ನೋಡಿದ್ರಿ. ಗಂಜಿ ಶ್ವಾಸಕೋಶಕ್ಕೆ ಹೋಯ್ತ್. ಆಸ್ಪತ್ರೆಯಂಗ್ ರಾತ್ರಿ ಕೂತದ್ ನಾನ್."

"ಹಾಂಗಾರೆ ಮೂಗಂಗೆ ಹಬ್ಬ ಮಾಡುದಾ?"

ಅವಳು ಬಟ್ಟೆ ಹಿಂಡಿದಳು. ಜಗಳಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಹಾಸಿಗೆಯ ಪಕ್ಕ ಮೇಣದಬತ್ತಿ ಹಚ್ಚಿದರು. ಮಗಳು ಜೆಸ್ವಿಟಾ ಹಸಿದ ಹೊಟ್ಟೆಯಲ್ಲೇ ಪ್ರಾರ್ಥನೆ ಹೇಳಿ ಮುಗಿಸಿದಳು. ವಲೇರಿಯನ್ ತಡೆಯಲಾರದೆ ಚಮಚವನ್ನು ತಾಯಿಯ ತುಟಿಯತ್ತ ಒಯ್ದ. ಫೆಲ್ಸಿ ಅವನ ಮಣಿಕಟ್ಟು ಹಿಡಿಯುವಷ್ಟರಲ್ಲಿ ಮುದುಕಿಯ ಎಡಗೈ ಎದ್ದು ಚಮಚವನ್ನು ತಳ್ಳಿತು. ಹಾಲು ಹೊದಿಕೆಯ ಮೇಲೆ ಚೆಲ್ಲಿತು.

"ಬ್ಯಾಡ್ವಂತೆ," ಎಂದ ವಲೇರಿಯನ್, ಮುಖ ಸಣ್ಣದು ಮಾಡಿ.

ಆದರೆ ಆ ಕೈ ಕೆಳಗಿಳಿಯಲಿಲ್ಲ. ಬೆರಳುಗಳು ಗಾಳಿಯಲ್ಲಿ ಬಿಚ್ಚಿ ಮಡಚಿ ಏನನ್ನೋ ಹುಡುಕುತ್ತಿದ್ದವು. ಫೆಲ್ಸಿ ಕೊಂಚ ಹೊತ್ತು ಅದನ್ನೇ ನೋಡಿದಳು. ಅತ್ತೆಗೆ ತಿನ್ನಿಸುವುದು ಹೇಗೆಂದೇ ತಾನೂ ಗಂಡನೂ ಬೆಳಗಿನಿಂದ ಗುದ್ದಾಡಿದ್ದರು. ಈ ದಿನ ಅತ್ತೆಗೆ ತಿನ್ನುವುದಕ್ಕಿಂತ ಮೊದಲು ಕೊಡುವ ಕೆಲಸವಿತ್ತು. ಅವಳು ಚಮಚ ತುಂಬಿ ಆ ಬೆರಳುಗಳ ನಡುವೆ ಇಟ್ಟು, ಕೆಳಗೆ ತನ್ನ ಅಂಗೈ ಒಡ್ಡಿದಳು.

ಮೊದಲ ಚಮಚ ಮಗನಿಗೆ ಎಂಬುದು ರೂಢಿ. ಅವನು ಬಾಗಿದ. ನಡುಗುವ ಚಮಚ ಅವನನ್ನು ದಾಟಿ ಫೆಲ್ಸಿಯ ಬಾಯಿಯ ಮುಂದೆ ನಿಂತಿತು. ಬೇಕೆಂದೋ, ಹತ್ತಿರವಿದ್ದಳೆಂದೋ, ಅವಳಿಗೆ ತಿಳಿಯಲಿಲ್ಲ. ಅರ್ಧ ಗಲ್ಲಕ್ಕೆ ಸುರಿಯಿತು, ಅರ್ಧ ಒಳಗೆ ಹೋಯಿತು.

ಮಗನದೂ ಮೊಮ್ಮಗಳದೂ ಆದ ಮೇಲೆ ಸೋಸಿದ ಹಾಲು ಪೈಪಿನಲ್ಲಿ ನಿಧಾನ ಇಳಿಯಿತು. ವಲೇರಿಯನ್ ಸಿರಿಂಜು ಎತ್ತಿ ಹಿಡಿದಿದ್ದ.

ಹೊದಿಕೆ ಒಗೆಯಬೇಕು, ಹಾಲು ಒಣಗಿದರೆ ಇರುವೆ ಬರುತ್ತದೆ. ಫೆಲ್ಸಿ ಏಳಲಿಲ್ಲ. ಬೆಳಗಿನಿಂದ ಮೊದಲ ಸಲ ಕೂತಿದ್ದಳು.

"ಇವತ್ತ್ ನೀವ್ ಬಡ್ಸಿ," ಎಂದಳು ಗಂಡನಿಗೆ.